ಅತ್ತಿಮಬ್ಬೆಯ ಕುಲವೂ ಇಂದಿನ ಕುಲಮದವೂ

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರೆತ್ತಿದೊಡನೆ ಆಕೆ ಯಾವ ಜಾತಿಯವಳು, ಯಾವ ಸೀಮೆಯವಳು, ಇಂದಿನ ಯಾವ ಪಂಗಡಕ್ಕೆ ಸೇರತಕ್ಕವಳು ಎಂಬ ವಾಗ್ವಾದ ಏಳುವುದುಂಟು. ಶ್ರಾವಿಕೋತ್ತಮೆಯ ವಂಶಮೂಲವನ್ನು ಅರಸುವುದು ದೋಷವಲ್ಲ. ಆದರೆ ಆ ಶೋಧ ಆಕೆಯನ್ನು ಅರಿಯುವುದಕ್ಕೋ, ಆಕೆಯ ಹೆಸರಿನಿಂದ ತಮ್ಮ ಮನೆತನವನ್ನು ಮೆರೆಸುವುದಕ್ಕೋ ಎಂಬುದು ವಿಚಾರಾರ್ಹ.

ಆಕರಗಳ ಮಾತು ಸ್ಪಷ್ಟವಾಗಿದೆ. ಆಕೆಯ ಪಿತಾಮಹ ನಾಗಮಯ್ಯ ವೆಂಗಿಮಂಡಲದ ಕಮ್ಮೆನಾಡಿನ ಪುಂಗನೂರಿನವನು, ಕೌಂಡಿನ್ಯಗೋತ್ರದ ಜೈನಬ್ರಾಹ್ಮಣ. ಮಲ್ಲಪಯ್ಯ, ಪುನ್ನಮಯ್ಯರು ಅವನ ಮಕ್ಕಳು. ಅತ್ತಿಮಬ್ಬೆ ಮಲ್ಲಪಯ್ಯನ ಮಗಳು. ಆಕೆಯೂ ತಂಗಿ ಗುಂಡಮಬ್ಬೆಯೂ ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಮನೆಗೆ ಸೊಸೆಯರಾಗಿ ಬಂದು ಅವನ ಮಗ ನಾಗದೇವನ ಪತ್ನಿಯರಾದರು. ತವರಿನ ಬೇರು ತೆಲುಗು ನೆಲದಲ್ಲಿ, ಕೀರ್ತಿಯ ಕಳಶ ಕನ್ನಡದ ಲೊಕ್ಕಿಗುಂಡಿಯಲ್ಲಿ. ಆಕೆಯನ್ನು ಒಂದೇ ಸೀಮೆಯ ಸ್ವತ್ತೆನ್ನುವವರಿಗೆ ಈ ವಂಶಾವಳಿಯೇ ಉತ್ತರ.

ಇಷ್ಟೆಲ್ಲ ತಿಳಿದುಬಂದದ್ದಾದರೂ ಹೇಗೆ? ಮಲ್ಲಪಯ್ಯ ಸೋದರರು ಗುರು ಜಿನಚಂದ್ರದೇವರ ಸ್ಮರಣಾರ್ಥ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಅತ್ತಿಮಬ್ಬೆ ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಆಕೆಯ ಆಶ್ರಯದಲ್ಲಿ ರನ್ನನ ಅಜಿತಪುರಾಣ 993ರಲ್ಲಿ ಮುಗಿಯಿತು. ಲಕ್ಕುಂಡಿಯ 1007ರ ಶಾಸನ ಆಕೆಯ ಜಿನಾಲಯವನ್ನೂ ದಾನವನ್ನೂ ದಾಖಲಿಸಿತು. ಕುಲದ ಹಿರಿಮೆಯಿಂದ ಗ್ರಂಥ ಉಳಿಯಲಿಲ್ಲ. ಗ್ರಂಥ ಮತ್ತು ಶಿಲೆಯಿಂದಲೇ ಕುಲದ ಹೆಸರು ಉಳಿಯಿತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ಕುಲಮದವೂ ಇದೆ, ಜಾತಿಮದವೂ ಇದೆ. ಇವೆರಡೂ ಸಮ್ಯಗ್ದರ್ಶನಕ್ಕೆ ಕಳಂಕ. ವಂಶಾಭಿಮಾನವಿಲ್ಲದೆ ದಾನಿಗಳು ಮುಂದೆ ಬರುವುದಿಲ್ಲವೆಂಬ ಸಮರ್ಥನೆಯೂ ಕೇಳಿಬರುತ್ತದೆ. ಹಾಗೆ ಬಂದ ಹಣ ಮದದ ಬೆಲೆಯಲ್ಲದೆ ದಾನವೆನಿಸೀತೆ?

ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಶಾಸನದ ಮೇಲೆ ಸುಣ್ಣ ಬಳಿದು, ಪಕ್ಕದಲ್ಲೇ ಅಮೃತಶಿಲೆಯಲ್ಲಿ ಇಂದಿನ ದಾನಿಗಳ ಹೆಸರು ಕೆತ್ತಿಸುವ ಬಸದಿಗಳಿವೆ. ಭಂಡಾರದ ತಾಳೆಯೋಲೆಗಳನ್ನು ಗೆದ್ದಲಿಗೆ ಒಪ್ಪಿಸಿ, ಸಮಾರಂಭದ ವೇದಿಕೆಯಲ್ಲಿ ಅತ್ತಿಮಬ್ಬೆಯನ್ನು ಕೊಂಡಾಡುವ ಟ್ರಸ್ಟುಗಳೂ ಇವೆ. ಇಂತಹವರು ಆಕೆಯ ವಾರಸುದಾರರಾಗುವುದೆಂತು? ಆ ಸುಣ್ಣದ ಅಡಿಯಲ್ಲಿ ಇನ್ನೆಷ್ಟು ಶ್ರಾವಿಕೆಯರ ತಂದೆತಾಯಿಗಳ ಹೆಸರು ಮರೆಯಾಗಿದೆಯೋ!

ಪ್ರತಿ ಬಸದಿಯ ಆಡಳಿತವೂ ಮೊದಲು ತನ್ನ ಶಾಸನಗಳನ್ನು ಓದಿಸಲಿ, ಓಲೆಗಳನ್ನು ಶುಚಿಗೊಳಿಸಿ ಛಾಯಾಪ್ರತಿ ಮಾಡಿಸಲಿ, ಅಲ್ಲಿ ದೊರೆತದ್ದನ್ನು ಎಲ್ಲರಿಗೂ ತೆರೆದಿಡಲಿ. ಅತ್ತಿಮಬ್ಬೆಯ ವಂಶ ಯಾವುದೆಂಬ ಪ್ರಶ್ನೆಗೆ ಕವಿಗಳು ಎಂದೋ ಉತ್ತರ ಕೊಟ್ಟಿದ್ದಾರೆ. ಆಕೆಯ ಶಾಸ್ತ್ರದಾನವನ್ನು ಮುಂದುವರಿಸುವವರು ಯಾರೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇಂದಿನ ಶ್ರಾವಕರು.