ಜೈಲಿಗೆ ಹೋದವರು ಯಾರು?

ಗದಗ ತಾಲೂಕಿನ ಹರ್ತಿಯಂತಹ ಒಂದು ಊರನ್ನು ಕಣ್ಮುಂದೆ ತಂದುಕೊಳ್ಳೋಣ. ಯಾವುದೋ ಗಲಾಟೆಯ ಬಳಿಕ ಪೊಲೀಸರು ಒಬ್ಬ ಯುವಕನನ್ನು ಜೀಪಿನಲ್ಲಿ ಕರೆದೊಯ್ಯುತ್ತಾರೆ. ಸಂಜೆಯೊಳಗೆ ಕಟ್ಟೆಯ ಮೇಲೆ ತೀರ್ಪು ಹೊರಬಿದ್ದಿರುತ್ತದೆ: 'ಅವ ಜೈಲಿಗೆ ಹೋದ.' ನಾಲ್ಕು ದಿನ ಬಿಟ್ಟು ಅವನ ತಾಯಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಆಗಲೂ ಅದೇ ಮಾತು: 'ಅವರವ್ವನೂ ಜೈಲಿಗೆ ಹೋಗ್ಯಾಳ.' ಬಂಧಿಯಾಗಿ ಒಳಹೋದವನಿಗೂ ಮಗನ ಮುಖ ನೋಡಲು ಬಾಗಿಲ ಬಳಿ ನಿಂತವಳಿಗೂ ನಮ್ಮ ಮಾತಿನಲ್ಲಿ ಒಂದೇ ಕ್ರಿಯಾಪದ.

ಇಂಗ್ಲಿಷ್ ಭಾಷೆ ಇಲ್ಲಿ ಒಂದು ಸಣ್ಣ ಎಚ್ಚರವನ್ನು ವಹಿಸುತ್ತದೆ. ಮಗ ಹೋದದ್ದು 'ಟು ಪ್ರಿಸನ್'. ತಾಯಿ ಹೋದದ್ದು 'ಟು ದ ಪ್ರಿಸನ್'. 'ದ' ಎಂಬ ಒಂದಕ್ಷರ ಬಂದೊಡನೆ ಸೆರೆಮನೆಯು ಬರಿಯ ಕಟ್ಟಡವಾಗಿಬಿಡುತ್ತದೆ. ಅದಿಲ್ಲದಿದ್ದರೆ ಅಲ್ಲಿಗೆ ಹೋದವನು ಬಂಧಿ ಎಂದರ್ಥ. ಶಾಲೆ, ಆಸ್ಪತ್ರೆಗಳಿಗೂ ಇದೇ ನಿಯಮವೆಂದು ವ್ಯಾಕರಣದ ಮೇಷ್ಟ್ರು ಪಾಠ ಮಾಡುವಾಗ ನಮಗೆ ನಿದ್ದೆ ಬರುತ್ತಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಆ ಮಗ ಒಳಗೆ ಏನಾಗಿ ಇದ್ದಾನೆ? ಇದಕ್ಕೆ ಕಾನೂನಿನ ಇಂಗ್ಲಿಷ್‌ನಲ್ಲಿ ಹಂತಕ್ಕೊಂದು ಪದವಿದೆ. ಹಿಡಿಯುವುದು ಅರೆಸ್ಟ್. ಅಲ್ಲಿಂದ ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಅವರು ಕಳುಹಿಸುವುದು ರಿಮಾಂಡ್; ಠಾಣೆಯಲ್ಲಿಟ್ಟರೆ ಪೊಲೀಸ್ ಕಸ್ಟಡಿ, ಸೆರೆಮನೆಗೆ ಕಳುಹಿಸಿದರೆ ನ್ಯಾಯಾಂಗ ಕಸ್ಟಡಿ. ವಿಚಾರಣೆ ಮುಗಿಯುವ ತನಕ ಅವನು ಅಂಡರ್‌ಟ್ರಯಲ್. ಅಪರಾಧ ಸಾಬೀತಾದ ಮೇಲಷ್ಟೇ ಕನ್ವಿಕ್ಟ್. ಇಂಪ್ರಿಸನ್‌ಮೆಂಟ್ ಎಂಬ ಶಿಕ್ಷೆ, ಅದು ಸಾದಾ ಇರಲಿ ಕಠಿಣವಿರಲಿ, ಆತನಿಗೆ ಮಾತ್ರ. ಅಮೆರಿಕದವರಂತೂ ವಿಚಾರಣೆ ಕಾಯುವವರನ್ನೂ ಅಲ್ಪಾವಧಿಯ ಶಿಕ್ಷೆಯವರನ್ನೂ ಇಡುವ ಮನೆಗೆ ಜೈಲ್ ಎಂದೂ, ದೀರ್ಘ ಶಿಕ್ಷೆಯವರ ಮನೆಗೆ ಪ್ರಿಸನ್ ಎಂದೂ ಬೇರೆ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಎರಡಕ್ಕೂ ಒಂದೇ ಗೋಡೆ, ಒಂದೇ ಹೆಸರು.

2022ರ ಅಂತ್ಯದಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯ ಪೈಕಿ 4,34,302 ಮಂದಿ ವಿಚಾರಣಾಧೀನರಾಗಿದ್ದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಅವರೆಲ್ಲರನ್ನೂ ನಾವು ಕೈದಿಗಳೆಂದೇ ಕರೆಯುತ್ತೇವೆ. ಅರಬಿಯ 'ಕೈದ್' ಎಂದರೆ ಸಂಕೋಲೆ. ವಿಚಾರಣಾಧೀನನ ಹೆಸರಿಗೂ ನಾವು ಅದನ್ನು ತೊಡಿಸಿದ್ದೇವೆ.

2008ರಲ್ಲಿ ಹುಬ್ಬಳ್ಳಿಯ ಸಂಚಿನ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ ಆರೋಪಿಗಳಾದ 17 ಮಂದಿಯನ್ನು ನ್ಯಾಯಾಲಯವು 2015ರಲ್ಲಿ ಖುಲಾಸೆಗೊಳಿಸಿತು. ಅವರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. ಆ ಏಳು ವರ್ಷ ಕಾನೂನಿನ ಕಾಗದದಲ್ಲಿ ಅವರು ಆರೋಪಿಗಳು ಮಾತ್ರ. ಊರ ಬಾಯಲ್ಲಿ? ಪತ್ರಿಕೆಗಳ ತಲೆಬರಹಗಳಲ್ಲಿ? ಅನ್ಯರನ್ನು ದೂರುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಆರೋಪಿಯ ತಂಗಿಗೆ ಬಂದ ಸಂಬಂಧವನ್ನು 'ಅವರ ಮನೆಯವ ಜೈಲಿನಾಗ ಅದಾನ' ಎಂದು ಮುರಿಯುವವರು ಹೊರಗಿನವರಲ್ಲ, ನಮ್ಮದೇ ಜಮಾಅತಿನವರು. 'ಜೈಲುಪಾಲು' ಎಂಬ ಪದವನ್ನು ಯೋಚಿಸದೆ ಬರೆದ ಲೇಖನಿಗಳಲ್ಲಿ ನಮ್ಮದೂ ಒಂದು.

ಹಾಗೆಂದು ಇಂಗ್ಲಿಷ್ ಪದಗಳನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಕೆಲವು ಪದಗಳು ಮೃದುವಾಗಿರುವುದೇ ಅಪಾಯ. ಡಿಟೆನ್ಶನ್ ಎಂದರೆ ತಡೆದಿಡುವುದು, ಅಷ್ಟೇ. ಕೇಳಲು ಎಷ್ಟು ಸೌಮ್ಯ! ತುರ್ತು ಪರಿಸ್ಥಿತಿಯಲ್ಲಿ 'ಮೀಸಾ' ಕಾಯ್ದೆಯಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಡೆದಿಡಲ್ಪಟ್ಟ ನಟಿ ಸ್ನೇಹಲತಾ ರೆಡ್ಡಿಯವರು ಆಸ್ತಮಾದಿಂದ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಯಾವ ನ್ಯಾಯಾಲಯವೂ ಅವರಿಗೆ ಶಿಕ್ಷೆ ವಿಧಿಸಿರಲಿಲ್ಲ.

ಕಸ್ಟಡಿಯ ಲ್ಯಾಟಿನ್ ಮೂಲದಲ್ಲಿರುವುದು ಕಾವಲು, ರಕ್ಷಣೆ ಎಂಬ ಅರ್ಥ. ವಿಚ್ಛೇದನದ ಬಳಿಕ ಮಗುವನ್ನು ತಾಯಿಯ ಸುಪರ್ದಿಗೆ ಒಪ್ಪಿಸುವಾಗಲೂ ನ್ಯಾಯಾಲಯ ಬಳಸುವುದು ಇದೇ ಪದವನ್ನು. ನಮ್ಮ ಠಾಣೆಗಳ ಹಳೆಯ ಪದವಾದ 'ದಸ್ತಗಿರಿ'ಯ ಕಥೆಯೂ ಇಂಥದ್ದೇ. ಫಾರಸಿಯಲ್ಲಿ ದಸ್ತಗೀರ್ ಎಂದರೆ ಕೈ ಹಿಡಿಯುವವನು, ಬಿದ್ದವರನ್ನು ಎತ್ತುವವನು. ಗದಗ, ಧಾರವಾಡದ ಕಡೆ ದಸ್ತಗೀರಸಾಬ ಎಂಬ ಹೆಸರಿನ ಹಿರಿಯರಿಲ್ಲದ ಊರು ಅಪರೂಪ. ಅದೇ ಹೆಸರಿನವನನ್ನು ದಸ್ತಗಿರಿ ಮಾಡಲಾಯಿತೆಂದು ಪಂಚನಾಮೆಯಲ್ಲಿ ಬರೆದರೆ ಓದುವವರಿಗೆ ನಗಬೇಕೋ ಅಳಬೇಕೋ ತಿಳಿಯದು. ಕಾವಲಿಗೆಂದು ತೆಗೆದುಕೊಂಡವನ ಮೈಮೇಲೆ ಬಾಸುಂಡೆ ಮೂಡಿದ್ದರೆ ಕಾವಲುಗಾರನೇ ಉತ್ತರ ಕೊಡಬೇಕಾಗುತ್ತದೆ.

ಇದೆಲ್ಲ ಪಂಡಿತರ ಚರ್ಚೆಯೆಂದು ಓದುಗರು ಪುಟ ತಿರುವಬಾರದು. ಸಾಮಾನ್ಯ ಪ್ರಕರಣಗಳಲ್ಲಿ ಪೊಲೀಸ್ ಕಸ್ಟಡಿ ಒಟ್ಟು 15 ದಿನಗಳನ್ನು ಮೀರುವಂತಿಲ್ಲ. ಆರೋಪದ ಗುರುತ್ವಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು. ಯುಎಪಿಎ ಪ್ರಕರಣಗಳಲ್ಲಿ ಈ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ. ಕೇಳುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಕೈಜಾರುತ್ತದೆ. ದಿನ ಎಣಿಸಬೇಕಾದುದು ಮೊದಲ ರಿಮಾಂಡಿನಿಂದ. 'ಜೈಲಿಗೆ ಹೋದ' ಎಂದು ತೀರ್ಪು ಕೊಟ್ಟು ಮನೆಗೆ ಹೋದ ಊರಿನಲ್ಲಿ ಆ ತಾರೀಖನ್ನು ಯಾರು ಬರೆದಿಟ್ಟಿರುತ್ತಾರೆ?

ಮಸೀದಿಯ ಆಡಳಿತ ಸಮಿತಿಗಳು ಚಂದಾ ಪುಸ್ತಕದ ಪಕ್ಕದಲ್ಲಿ ಇನ್ನೊಂದು ವಹಿಯನ್ನು ಇಡಲಿ. ಯಾವ ಹಂತ, ಯಾವ ಕಲಮು, ಮೊದಲ ರಿಮಾಂಡ್ ಯಾವ ದಿನ: ಇಷ್ಟನ್ನು ಬರೆದುಕೊಂಡು ಕುಟುಂಬದವರನ್ನು ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದೊಯ್ಯಲಿ. ವಕೀಲರ ಶುಲ್ಕವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯು ಉಚಿತ ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಕಸ್ಟಡಿಯಲ್ಲಿರುವವರನ್ನೂ ಸೇರಿಸಿದೆ.