ಇಳಿಯುವ ಅಲೆಯನ್ನು ಕಂಡವರಾರು?

‘ನಾಳೆಯಿಂದ ಮುಟ್ಟುವುದಿಲ್ಲ’ ಎಂಬುದು ವ್ಯಾಕರಣದ ದೃಷ್ಟಿಯಿಂದ ನಿಷೇಧವಾಕ್ಯ. ಅನುಭವದ ದೃಷ್ಟಿಯಿಂದ ನೋಡಿದರೆ, ಇಂದಿನ ಮಟ್ಟಿಗೆ ನಾವೇ ನಮಗೆ ಬರೆದುಕೊಂಡ ಅನುಮತಿಪತ್ರ! ತರಗತಿಯಲ್ಲಿ ವ್ಯಾಕರಣ ಬೋಧಿಸುವ ನಾನು ಈ ವಾಕ್ಯವನ್ನು ಹನ್ನೆರಡು ವರ್ಷ ಪ್ರಯೋಗಿಸಿದೆ. ಯುಗಾದಿಗೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ, ಕೆಮ್ಮು ಬಂದಾಗಲೆಲ್ಲ ಮತ್ತೊಮ್ಮೆ. ದಿನಕ್ಕೆ ಹತ್ತು ಸಿಗರೇಟು ಮಾತ್ರ ತಪ್ಪಲಿಲ್ಲ.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಮಂಗಳೂರಿನ ಸುತ್ತಮುತ್ತಲಿನ ಸಾವಿರಾರು ತಾಯಂದಿರಂತೆ ನನ್ನ ಅಮ್ಮನೂ ಬೀಡಿ ಕಟ್ಟಿದವರು. ಮಡಿಲ ಮೇಲಿನ ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ, ನೂಲು. ಕಟ್ಟಿ ಮುಗಿದ ಮೇಲೆ ಬೀಡಿಯ ಬ್ರಾಂಚಿಗೆ ನಡಿಗೆ. ಆ ಮಜೂರಿಯಿಂದಲೇ ನನ್ನ ಎಂ.ಎ. ಮುಗಿಯಿತು. ನನ್ನ ಅಂಗಿಯನ್ನು ಒಗೆಯುವಾಗ ವಾಸನೆಯಿಂದ ಅಮ್ಮನಿಗೆ ಎಲ್ಲವೂ ತಿಳಿಯುತ್ತಿದ್ದಿತು. ಆದರೂ ಒಂದು ಮಾತನ್ನಾಡಿದವರಲ್ಲ. ಒಮ್ಮೆ ನಾನೇ ತಡೆಯಲಾರದೆ ಕೇಳಿದೆ. “ಹೊಗೆಸೊಪ್ಪಿನಿಂದಲೇ ಅನ್ನ ಉಂಡ ಮನೆ ಇದು. ಬೇಡವೆಂದು ಯಾವ ಬಾಯಿಂದ ಹೇಳಲಿ ಮಗಾ?” ಎಂದರು.

ಯಾವ ಉಪದೇಶವೂ ತಟ್ಟದಿದ್ದಲ್ಲಿಗೆ ಆ ಪ್ರಶ್ನೆ ತಟ್ಟಿತು. ಅದೇ ರಾತ್ರಿ ಪ್ರತಿಜ್ಞೆ ಮಾಡಿದೆ. ಮೂರನೆಯ ದಿನ ಮುರಿದೆ. ಮನಸ್ಸು ನೊಂದ ಮಾತ್ರಕ್ಕೆ ಕೈಯ ಅಭ್ಯಾಸ ಅಳಿಯುವುದಿಲ್ಲ. ನಿಕೋಟಿನ್ ಸಿಗದ ದೇಹ ಹೆಚ್ಚು ಚಡಪಡಿಸುವುದು ಮೊದಲ ಕೆಲವು ದಿನಗಳಲ್ಲಿಯೇ. ನಾನಾದರೋ ಆ ಚಡಪಡಿಕೆಯೊಡನೆ ಕುಸ್ತಿಗೆ ಇಳಿದಿದ್ದೆ.

ಮೂಲ್ಕಿಯ ಸಮೀಪದಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲನ್ನು ಸೇರುವ ಸಸಿಹಿತ್ಲುವನ್ನು ವಾಚಕರು ಬಲ್ಲರು. 2017ರಲ್ಲಿ ಅಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಸ್ಪರ್ಧೆ ನಡೆಯಿತು. ಹಲಗೆಯ ಮೇಲೆ ನಿಂತು ಅಲೆಯೇರುವ ತರುಣರನ್ನು ಒಂದು ಭಾನುವಾರ ಅಲ್ಲಿ ನೋಡುತ್ತಿದ್ದೆ. ಅಲೆಗೆ ಎದೆಗೊಟ್ಟವನು ಮುಗ್ಗರಿಸುತ್ತಿದ್ದನು. ಅದರ ಮೇಲೆ ನಿಂತವನನ್ನು ಅದೇ ದಡದತ್ತ ತರುತ್ತಿದ್ದಿತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟರು ವ್ಯಸನಿಗಳಿಗೆ ಹೇಳಿಕೊಟ್ಟ ಉಪಾಯವೂ ಇದೇ ಎಂಬುದನ್ನು ಬಳಿಕ ಓದಿ ತಿಳಿದೆ. ಬಯಕೆಯೂ ಅಲೆಯೇ. ಹುಟ್ಟುತ್ತದೆ, ಏರುತ್ತದೆ, ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಅದು ಏರುತ್ತಿರುವಾಗಲೇ ಬೆಂಕಿಕಡ್ಡಿ ಗೀರುವ ನಾವು ಇಳಿತವನ್ನು ಒಮ್ಮೆಯೂ ಕಂಡವರಲ್ಲ!

ಮರುದಿನ ಪಾಠ ಮುಗಿದೊಡನೆ ಕೈ ಕಿಸೆಗೆ ಹೋಯಿತು. ಹೋದುದನ್ನು ನೋಡಿದೆ. ‘ಇದು ಬಯಕೆ’ ಎಂದು ಹೆಸರಿಟ್ಟು, ದೇಹದಲ್ಲಿ ಅದು ಎಲ್ಲಿದೆಯೆಂದು ಹುಡುಕಿದೆ. ಗಂಟಲಲ್ಲಿ ಒಣಗು, ಎದೆಯಲ್ಲಿ ಬಿಗಿತ, ಬೆರಳುಗಳಲ್ಲಿ ಚಡಪಡಿಕೆ. ಅಟ್ಟಲೂ ಇಲ್ಲ, ಉಪಚರಿಸಲೂ ಇಲ್ಲ. ಉಸಿರಾಟವನ್ನು ಗಮನಿಸುತ್ತ ಕುಳಿತೆ. ನಾಲ್ಕು ನಿಮಿಷಗಳಲ್ಲಿ ಅಲೆ ಇಳಿಯಿತು. ಸಂಜೆಯ ಅಲೆಗೆ ಸೋತೆ. ಆದರೆ ಆ ಸಿಗರೇಟನ್ನೂ ಗಮನವಿಟ್ಟು ಸೇದಿದೆ. ಸುಟ್ಟ ಕಾಗದದ ಕಹಿ! ಹನ್ನೆರಡು ವರ್ಷ ಸೇದಿದವನು ಅದರ ರುಚಿಯನ್ನು ಅಂದೇ ನೋಡಿದ್ದು.

ಇದನ್ನು ಹೊಸ ವಿದ್ಯೆಯೆನ್ನಬೇಡಿ. ಪಾಲಿಯ ‘ಸತಿ’, ಸಂಸ್ಕೃತದ ‘ಸ್ಮೃತಿ’. ನಮ್ಮ ಮಾತಿನಲ್ಲಿ ‘ಎಚ್ಚರ’. ನಮ್ಮೂರ ಕದ್ರಿಯ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಮೇಲೆ ಕ್ರಿ.ಶ. 968ರ ಶಾಸನವಿದೆ, ಅದರಲ್ಲಿ ಆ ಕ್ಷೇತ್ರಕ್ಕೆ ‘ವಿಹಾರ’ವೆಂಬ ಹೆಸರಿದೆ. ಬುದ್ಧನ ಧ್ಯಾನಮಾರ್ಗ ನಮ್ಮ ಗುಡ್ಡವನ್ನೂ ಹಾದುಹೋಗಿತ್ತೆಂದು ಹಲವು ವಿದ್ವಾಂಸರು ಊಹಿಸುವುದು ಇದರಿಂದಲೇ.

ವಿಜ್ಞಾನ ಏನೆನ್ನುತ್ತದೆ? 2011ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಡ್ಸನ್ ಬ್ರೂವರ್ ಮತ್ತು ಸಂಗಡಿಗರು 88 ಧೂಮಪಾನಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಹದಿನೇಳನೆಯ ವಾರದಲ್ಲಿ, ಎಚ್ಚರದ ಅಭ್ಯಾಸ ಕಲಿತವರಲ್ಲಿ ನೂರಕ್ಕೆ 31 ಮಂದಿ ಹೊಗೆಯಿಂದ ದೂರವಿದ್ದರು. ರೂಢಿಯ ಶಿಕ್ಷಣ ಪಡೆದವರಲ್ಲಿ 6 ಮಂದಿ. ಆದರೆ 2022ರಲ್ಲಿ ಇಂತಹ ಹಲವು ಪ್ರಯೋಗಗಳನ್ನು ಒಟ್ಟಾಗಿ ತೂಗಿದ ಕಾಕ್ರೇನ್ ಸಮೀಕ್ಷೆಗೆ, ಈ ಮಾರ್ಗ ಉಳಿದವಕ್ಕಿಂತ ಮಿಗಿಲೆಂಬುದಕ್ಕೆ ಸ್ಪಷ್ಟ ಆಧಾರ ದೊರೆಯಲಿಲ್ಲ. ಆದುದರಿಂದ ಇದೊಂದೇ ಮದ್ದೆಂದು ನಾನು ಸಾರಲಾರೆ. ನಿಕೋಟಿನ್ ಗಮ್ಮೂ ಉಂಟು, ವೈದ್ಯರ ಸಲಹೆಯೂ ಉಂಟು. ಬಿಡಲು ನೆರವಾಗುವ 1800-11-2356 ಎಂಬ ದೂರವಾಣಿ ಸಂಖ್ಯೆಯನ್ನು ಸಿಗರೇಟಿನ ಪೊಟ್ಟಣದ ಮೇಲೆಯೇ ಮುದ್ರಿಸಿದ್ದಾರೆ. ಎಷ್ಟು ಪೊಟ್ಟಣ ಬಿಚ್ಚಿದರೂ ನಾನು ಅದನ್ನು ಓದಿರಲಿಲ್ಲ!

ಮದ್ಯದ ವಿಷಯದಲ್ಲಿ ನನ್ನ ಗುರಿ ಚಿಕ್ಕದು: ಶನಿವಾರದ ಗೆಳೆಯರ ಕೂಟದಲ್ಲಿ ಮೂರು ಲೋಟ ಒಂದಾಗಬೇಕು. ಮೊದಲ ಗುಟುಕಿನ ಬಳಿಕ ಲೋಟವನ್ನು ಕೆಳಗಿಟ್ಟು ಕುಳಿತೆ. ಎರಡನೆಯದನ್ನು ಕೇಳುವುದು ನಾಲಗೆಯೋ, ದಾಕ್ಷಿಣ್ಯವೋ? ಹೆಚ್ಚಿನ ಸಲ ದಾಕ್ಷಿಣ್ಯವೇ. ಆದರೆ ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುವವರಿಗೆ ಈ ಪಾಠ ಸಾಲದು. ಅಂತಹವರು ಹಠಾತ್ತನೆ ನಿಲ್ಲಿಸಿದರೆ ಅಪಸ್ಮಾರ, ಚಿತ್ತಭ್ರಮೆಗಳು ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ವೈದ್ಯರ ಆಶ್ರಯದಲ್ಲಿಯೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಮನೆಯವರು ಇದನ್ನು ಮಾನದ ಪ್ರಶ್ನೆಯೆಂದು ಮುಚ್ಚಿಡದೆ, ಕಾಯಿಲೆಯೆಂದು ತಿಳಿದು ಜೊತೆಗೆ ಹೋಗುವುದು ಮೇಲು.

ನಾನು ಸಿಗರೇಟು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಜಡಿಮಳೆಯ ಸಂಜೆಗಳಲ್ಲಿ ಅಲೆ ಇಂದಿಗೂ ಏಳುತ್ತದೆ. ಇಳಿಯುತ್ತದೆಂದು ಈಗ ಬಲ್ಲೆ. ಕಳೆದ ವಾರ ಅಮ್ಮ ನನ್ನ ಅಂಗಿಯನ್ನು ನೀರಿಗೆ ಹಾಕುವ ಮುನ್ನ ಮೂಗಿನ ಬಳಿಗೆ ಒಯ್ದುದನ್ನು ಕಂಡೆ. ಏನೂ ಹೇಳಲಿಲ್ಲ. ಎಂದಿಗಿಂತ ತುಸು ಹೆಚ್ಚು ಹೊತ್ತು ಹಿಡಿದಿದ್ದರು, ಅಷ್ಟೆ.

ವಾಚಕರಲ್ಲಿ ಯಾರಾದರೂ ನಾಳೆಯಿಂದ ಬಿಡುವವರಿದ್ದರೆ ಅವರಿಗೆ ನನ್ನದೊಂದು ಬಿನ್ನಹ: ನಾಳೆಯ ಮಾತು ಬೇಡ. ಇನ್ನೊಂದು ಗಳಿಗೆಯಲ್ಲಿ ಏಳುವ ಅಲೆಯನ್ನು, ಅದು ಇಳಿಯುವವರೆಗೂ, ಒಮ್ಮೆ ನೋಡಿರಿ.