ಟಿಮೋರ್-ಲೆಸ್ಟೆ ಹುಟ್ಟಿದ್ದು 2002ರಲ್ಲೋ, 1975ರಲ್ಲೋ?

‘21ನೇ ಶತಮಾನದ ಮೊದಲ ಹೊಸ ದೇಶ ಯಾವುದು?’ ಎಂಬ ಕ್ವಿಜ್ ಪ್ರಶ್ನೆಗೆ ಸಿಗುವ ಉತ್ತರ: ಟಿಮೋರ್-ಲೆಸ್ಟೆ, ಅಂದರೆ ಪೂರ್ವ ಟಿಮೋರ್, 2002ರ ಮೇ 20. ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಆ ದೇಶದಲ್ಲಿ ಮೇ 20 ಎಂದರೆ ಸ್ವಾತಂತ್ರ್ಯ ‘ಮರುಸ್ಥಾಪನೆ’ಯ ದಿನ. ಸ್ವಾತಂತ್ರ್ಯ ಘೋಷಣೆಯ ದಿನ 1975ರ ನವೆಂಬರ್ 28 ಎಂದು ಅವರ ಸಂವಿಧಾನವೇ ಹೇಳುತ್ತದೆ.

ಪೋರ್ಚುಗಲ್‌ನ ವಸಾಹತಾಗಿದ್ದ ಈ ನಾಡು ಅಂದು ತಾನು ಸ್ವತಂತ್ರ ಎಂದು ಸಾರಿತು. ಒಂಬತ್ತೇ ದಿನಕ್ಕೆ, ಡಿಸೆಂಬರ್ 7ರಂದು, ಇಂಡೋನೇಷ್ಯಾದ ಸೇನೆ ನುಗ್ಗಿತು. ಮುಂದಿನ 24 ವರ್ಷಗಳಲ್ಲಿ ಹಸಿವು, ರೋಗ, ಹತ್ಯೆಗಳಿಂದ ಸತ್ತವರು ಕನಿಷ್ಠ ಒಂದು ಲಕ್ಷ. 1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ಶೇ. 78.5 ಮಂದಿ ಸ್ವಾತಂತ್ರ್ಯವನ್ನೇ ಆರಿಸಿದರು.

ಹಾಗಾಗಿ 2002ರಲ್ಲಿ ಹೊಸ ಧ್ವಜ ಹುಡುಕಲಿಲ್ಲ. 1975ರ ಧ್ವಜವೇ ಮತ್ತೆ ಏರಿತು, ರಾಷ್ಟ್ರಗೀತೆಯೂ ಆಗಿನದೇ. ಬಣ್ಣಗಳ ಅರ್ಥವನ್ನೂ ಸಂವಿಧಾನ ಬಿಡಿಸಿ ಹೇಳಿದೆ: ಹಳದಿ ವಸಾಹತುಶಾಹಿಯ ಕುರುಹು, ಕೆಂಪು ವಿಮೋಚನಾ ಹೋರಾಟ, ಬಿಳಿ ಶಾಂತಿ. ಕಪ್ಪು ಮಾತ್ರ ಬೇರೆ ಬಗೆಯದು. ಅದು ಇನ್ನೂ ದಾಟಬೇಕಾದ ಅಜ್ಞಾನದ ಕತ್ತಲೆ. ತನ್ನ ಕೊರತೆಯನ್ನೂ ಧ್ವಜದಲ್ಲಿ ತೋರಿಸುವ ದೇಶಗಳು ಕಡಿಮೆ.

ಎರಡೂ ದಿನ ಅಲ್ಲಿ ಸರ್ಕಾರಿ ರಜೆ.